ಎಸ್ಟರ್ ತಯಾರಿ: ಆಮ್ಲ ಮಾಡುವ ಕೆಲಸ, ಮಾಡದ ಕೆಲಸ

ಎಸ್ಟರ್ ಅಂದರೆ ಆಮ್ಲ, ಆಲ್ಕೋಹಾಲ್ ಸೇರಿ ನೀರು ಬಿಟ್ಟುಕೊಟ್ಟು ಆಗುವ ಸಂಯುಕ್ತ. ಫ್ಯೂಮ್ ಹುಡ್‌ನಲ್ಲಿ (ಆವಿಯನ್ನು ಹೊರಗೆಳೆಯುವ ಗೂಡು), ದುಂಡುತಳದ ಫ್ಲಾಸ್ಕಿಗೆ 5 ಮಿ.ಲೀ. ಐಸೋಅಮೈಲ್ ಆಲ್ಕೋಹಾಲ್, 7 ಮಿ.ಲೀ. ಗ್ಲೇಶಿಯಲ್ (ನೀರಿಲ್ಲದ) ಅಸಿಟಿಕ್ ಆಮ್ಲ ಹಾಕಿ. ಅಲುಗಾಡಿಸುತ್ತ 1 ಮಿ.ಲೀ. ಸಾಂದ್ರ ಸಲ್ಫ್ಯೂರಿಕ್ ಆಮ್ಲವನ್ನು ಹನಿಹನಿಯಾಗಿ ಸೇರಿಸಿ. ಒಮ್ಮೆಲೇ ಸುರಿದರೆ ಬಿಸಿಯೇರಿ ಮಿಶ್ರಣ ಕಪ್ಪಾಗುತ್ತದೆ. ಕುದಿಕಲ್ಲು ಹಾಕಿ ಒಂದು ಗಂಟೆ ರಿಫ್ಲಕ್ಸ್ ಮಾಡಿ, ಅಂದರೆ ಆವಿ ತಣಿದು ಫ್ಲಾಸ್ಕಿಗೇ ಮರಳುವಂತೆ ಕುದಿಸಿ.

ಸಲ್ಫ್ಯೂರಿಕ್ ಆಮ್ಲದ ಪ್ರೋಟಾನ್ ಅಸಿಟಿಕ್ ಆಮ್ಲದ ಕಾರ್ಬೊನಿಲ್ ಆಕ್ಸಿಜನ್ನಿಗೆ ಅಂಟಿಕೊಳ್ಳುತ್ತದೆ. ಆಗ ಪಕ್ಕದ ಕಾರ್ಬನ್ನಿನ ಮೇಲೆ ಆಲ್ಕೋಹಾಲ್ ಸುಲಭವಾಗಿ ದಾಳಿ ಮಾಡುತ್ತದೆ. ಕೊನೆಗೆ ಪ್ರೋಟಾನ್ ವಾಪಸ್. ಆದರೆ ವೇಗವರ್ಧಕವಾದ ಈ ಆಮ್ಲ ಸಮತೋಲನಕ್ಕೆ (ಎಸ್ಟರ್ ಆಗುವ, ಒಡೆಯುವ ವೇಗ ಸಮವಾಗುವ ಸ್ಥಿತಿ) ಬೇಗ ತಲುಪಿಸುತ್ತದೆ ಅಷ್ಟೇ, ಇಳುವರಿ ಹೆಚ್ಚಿಸುವುದಿಲ್ಲ. ಸಮಾನ ಮೋಲ್ ತೆಗೆದುಕೊಂಡರೆ ಶೇ 67ರ ಆಸುಪಾಸಿಗೇ ನಿಲ್ಲುತ್ತದೆ. ಅಗ್ಗದ ಅಸಿಟಿಕ್ ಆಮ್ಲವನ್ನು ಮೋಲ್ ಲೆಕ್ಕದಲ್ಲಿ ಎರಡೂವರೆ ಪಟ್ಟಿಗೂ ಹೆಚ್ಚು ಹಾಕಿದ್ದು ಅದಕ್ಕೇ.

ತಣ್ಣಗಾದ ಮೇಲೆ ನೀರಿನಿಂದ, ಆಮೇಲೆ ಶೇ 5ರ ಸೋಡಿಯಂ ಬೈಕಾರ್ಬೊನೇಟ್ ದ್ರಾವಣದಿಂದ ತೊಳೆಯಿರಿ. ಉಳಿದ ಆಮ್ಲಕ್ಕೆ ಬೈಕಾರ್ಬೊನೇಟ್ ತಾಗಿ ಬೇರ್ಪಡಿಕೆ ಆಲಿಕೆಯೊಳಗೆ ತುಂಬುವ ಕಾರ್ಬನ್ ಡೈಆಕ್ಸೈಡ್ ಅನಿಲವನ್ನು ಆಗಾಗ ಹೊರಬಿಡದಿದ್ದರೆ ಬಿರಡೆ ಹಾರೀತು.