ಬೆಲ್ಟ್ ಸ್ಕ್ರೇಪರ್ ಕೇಸಲ್ಲಿ ಹಳೇ ಪೇಟೆಂಟ್ ಹುಡುಕಿದ್ದು: ನನ್ನ ಅನುಭವ

ನಾನು ಪುಣೆಯಲ್ಲಿ ಪೇಟೆಂಟ್ ಸರ್ಚ್ ಕೆಲಸ ಮಾಡೋನು, ಜಾಸ್ತಿ ಮಷಿನರಿ ಕಡೆದೇ. ಇಲ್ಲಿನ ಭೋಸರಿ ಕೈಗಾರಿಕಾ ಪ್ರದೇಶದಲ್ಲಿ (ಎಂಐಡಿಸಿ) ಬಾಗಲಕೋಟೆ ಕಡೆಯ ಕಾಕಾ ಒಬ್ರು ಸಕ್ಕರೆ ಕಾರ್ಖಾನೆಗಳ ಕನ್ವೇಯರಿಗೆ ಸ್ಕ್ರೇಪರ್ ಮಾಡ್ತಾರೆ, ಅಂದ್ರೆ ಬೆಲ್ಟಿಗೆ ಮೆತ್ಕೊಂಡಿರೋದನ್ನ ಕೆರೆದು ತೆಗೆಯೋ ಬ್ಲೇಡು. ಒಂದು ಕಂಪನಿಯಿಂದ ಅವರಿಗೆ ವಕೀಲರ ನೋಟಿಸ್ ಬಂತು, ಇದು ನಮ್ಮ ಇನ್ವೆನ್ಷನ್ನು, ಮಾಡೋದು ನಿಲ್ಲಿಸಿ ಅಂತ. "ಇದರಾಗ ಹೊಸಾದೇನೈತ್ರಿ, ನಮ್ಮ ಕಡೆ ಫ್ಯಾಕ್ಟರ್ಯಾಗ ಎಷ್ಟ್ ವರ್ಷದಿಂದ ಹಾಕ್ಯಾರ, ಯಾರ್ನ ಬೇಕಾದ್ರೂ ಕೇಳ್ರಿ" ಅಂತ ಕಾಕಾ ಸಿಟ್ಟಲ್ಲಿದ್ರು.

ನಾನು ಮೊದಲು ನೋಡಿದ್ದು ಸ್ಟೇಟಸ್. ಅದು ಪೇಟೆಂಟೇ ಅಲ್ಲ, ಬರೀ ಪ್ರಕಟ ಆಗಿರೋ ಅರ್ಜಿ. ಗ್ರಾಂಟ್ ಆಗೋವರೆಗೂ, ಅಂದ್ರೆ ಪೇಟೆಂಟ್ ಕೊಡೋವರೆಗೂ, ಅವರು ಕೋರ್ಟಿಗೆ ಹೋಗೋ ಹಾಗಿಲ್ಲ, ಪೇಟೆಂಟ್ ಕಾಯ್ದೆಯ 11ಎ ಸೆಕ್ಷನ್‌ನಲ್ಲಿ ಸ್ಪಷ್ಟವಾಗಿದೆ. ಅಲ್ಲೀವರೆಗೆ 25(1)ರ ಕೆಳಗೆ ಯಾರು ಬೇಕಾದ್ರೂ, ಇದು ಹೊಸದಲ್ಲ ಅಂತ ತಕರಾರು ಹಾಕಬಹುದು. ಪ್ರಕಟ ಆದ್ಮೇಲೆ ಆರು ತಿಂಗಳು ಗ್ರಾಂಟ್ ಮಾಡೋ ಹಾಗಿಲ್ಲ ಅನ್ನೋ ನಿಯಮ ಇದೆ ನಿಜ, ಆದ್ರೆ ಅದನ್ನೇ ನಂಬ್ಕೊಂಡು ಕೂತ್ರೆ ಆಗಲ್ಲ.

ಎಲ್ಲರಿಗೂ ಗೊತ್ತು ಅನ್ನೋದು ಇಲ್ಲಿ ನಡೆಯಲ್ಲ. ಅರಿಶಿನ ಗಾಯಕ್ಕೆ ಹಚ್ಚೋದು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ, ಆದ್ರೂ 1995ರಲ್ಲಿ ಅಮೆರಿಕ ಕೊಟ್ಟ ಪೇಟೆಂಟನ್ನ 1997ರಲ್ಲಿ ರದ್ದು ಮಾಡ್ಸೋಕೆ ನಮ್ಮ ವಿಜ್ಞಾನ ಸಂಶೋಧನಾ ಮಂಡಳಿ ಸಿಎಸ್‌ಐಆರ್ ಹಳೇ ಬರಹಗಳನ್ನ ಮುಂದಿಡಬೇಕಾಯ್ತು. ಫ್ಯಾಕ್ಟರಿಯಲ್ಲಿ ಬಳಸಿದ್ದನ್ನೂ ಸಾಬೀತು ಮಾಡಬಹುದು, ಆದ್ರೆ ತಾರೀಖಿರೋ ಬಿಲ್ಲು, ಡ್ರಾಯಿಂಗು, ಅಫಿಡವಿಟ್ಟು ಬೇಕು, ಮತ್ತೆ ಬಿಲ್ಲಲ್ಲಿ "ಸ್ಕ್ರೇಪರ್ 2 ನಗ" ಅಂತ ಬಿಟ್ರೆ ಏನಿರುತ್ತೆ? ಹಳೇ ಪೇಟೆಂಟಲ್ಲಿ ಆ ತಾಪತ್ರಯ ಇಲ್ಲ, ತಾರೀಖು ಮೊದಲ ಪುಟದಲ್ಲೇ ಅಚ್ಚಾಗಿರುತ್ತೆ.

ಆಮೇಲೆ ಆ ಕಂಪನಿ ಅರ್ಜಿಯ ಮೊದಲನೇ ಕ್ಲೇಮನ್ನ, ಅಂದ್ರೆ ಇದು ನಮ್ಮದು ಅಂತ ಅವರು ಹಕ್ಕು ಕೇಳಿರೋ ಸಾಲನ್ನ, ತುಂಡು ತುಂಡು ಮಾಡಿ ಟೇಬಲ್ ಹಾಕ್ದೆ: ಅಡ್ಡ ಶಾಫ್ಟು, ಅದರ ಮೇಲೆ ಬಿಡಿ ಬಿಡಿ ಬ್ಲೇಡು, ಪ್ರತಿ ಬ್ಲೇಡಿಗೂ ಬೇರೆ ತೋಳು, ತೋಳಿಗೂ ಶಾಫ್ಟಿಗೂ ನಡುವೆ ತಿರುಚಿದ್ರೆ ವಾಪಸ್ ಒತ್ತೋ ರಬ್ಬರ್ ಬುಷ್. ಹೊಸತನ ಇಲ್ಲ ಅಂತ ಹೇಳಬೇಕಾದ್ರೆ ಇವಿಷ್ಟೂ ಒಂದೇ ದಾಖಲೆಯಲ್ಲಿ ಇರ್ಬೇಕು, ಎರಡರಿಂದ ಒಂದೊಂದು ಕಿತ್ತು ಜೋಡ್ಸೋ ಹಾಗಿಲ್ಲ, ಜೋಡ್ಸಿದ್ರೆ ಅದು ಬೇರೆ ವಾದ ಆಗುತ್ತೆ, ಇದು ಈ ಕಸುಬು ಗೊತ್ತಿರೋ ಯಾರಿಗಾದ್ರೂ ಹೊಳೀತಿತ್ತು ಅನ್ನೋ ವಾದ.

ಪದ ಹಾಕಿ ಹುಡುಕಿದ್ರೆ ಸಾವಿರಾರು ಬರುತ್ತೆ, ಪ್ರಯೋಜನ ಇಲ್ಲ. ನಾನು ಕ್ಲಾಸ್ ಹಿಡ್ಕೊಂಡು ಹೋಗ್ತೀನಿ, ಅಂದ್ರೆ ವಿಷಯದ ಪ್ರಕಾರ ಪೇಟೆಂಟ್‌ಗಳಿಗೆ ಹಾಕಿರೋ ಗುಂಪಿನ ನಂಬರ್, ಬಿ65ಜಿ 45/16, ಬೆಲ್ಟಿಗೆ ಒತ್ತಿ ಹಿಡಿಯೋ ಸ್ಕ್ರೇಪರ್‌ಗಳದ್ದೇ ಗುಂಪು ಅದು. ಅಲ್ಲೊಂದು ಅಮೆರಿಕನ್ ಪೇಟೆಂಟ್ ಸಿಕ್ತು, ಎಲ್ಲಾ ಇತ್ತು, ರಬ್ಬರ್ ಬದಲು ಕಾಯಿಲ್ ಸ್ಪ್ರಿಂಗ್. ಬಹಳ ಜನ ಇಲ್ಲಿಗೇ ಸಾಕು ಅಂತ ನಿಲ್ಲಿಸ್ತಾರೆ, ಅದೇ ನನಗೆ ಸರಿ ಅನ್ಸಲ್ಲ. ಅದು ಉಲ್ಲೇಖ ಮಾಡಿದ್ದ ಹಳೇ ಪೇಟೆಂಟ್‌ಗಳನ್ನ ಒಂದೊಂದಾಗಿ ಯುರೋಪಿಯನ್ ಪೇಟೆಂಟ್ ಆಫೀಸಿನ ಸೈಟು ಎಸ್ಪಾಸೆನೆಟ್‌ನಲ್ಲಿ ತೆಗೆದು ಬರೀ ಚಿತ್ರ ನೋಡ್ತಾ ಹೋದೆ, ಓದೋದು ಆಮೇಲೆ. ಎಂಬತ್ತರ ದಶಕದ ಒಂದು ಜರ್ಮನ್ ಅರ್ಜಿಯಲ್ಲಿ ಶಾಫ್ಟನ್ನ ಅಡ್ಡಕ್ಕೆ ಕತ್ತರಿಸಿ ತೋರ್ಸಿದ್ರು, ಶಾಫ್ಟಿಗೂ ತೋಳಿಗೂ ಮಧ್ಯೆ ಒಂದು ಉಂಗುರ, ಅದರ ಹ್ಯಾಚಿಂಗ್, ಅಂದ್ರೆ ಕತ್ತರಿಸಿದ ಭಾಗಕ್ಕೆ ಎಳೆಯೋ ಗೆರೆಗಳು, ಲೋಹದ ಥರ ಇರ್ಲಿಲ್ಲ. ಚಿತ್ರದಲ್ಲಿ ಆ ಉಂಗುರಕ್ಕಿದ್ದ ನಂಬರ್ ಹಿಡ್ಕೊಂಡು ವಿವರಣೆಗೆ ಹೋದ್ರೆ ರಬ್ಬರ್ ಕೊಳವೆ ಅಂತ ನೆಟ್ಟಗೆ ಬರೆದಿತ್ತು, ತಿರುಚಿದಾಗ ಬ್ಲೇಡನ್ನ ವಾಪಸ್ ಬೆಲ್ಟಿಗೆ ಒತ್ತುತ್ತೆ ಅಂತಲೂ. ಮೊದಲ ಪುಟದಲ್ಲಿ 43 ಅನ್ನೋ ಕೋಡ್ ಪಕ್ಕದ ತಾರೀಖು ನೋಡ್ದೆ, ಪ್ರಕಟ ಆದ ದಿನ ಅದು, ಈ ಕಂಪನಿಯ ಪ್ರಯಾರಿಟಿ ತಾರೀಖಿಗಿಂತ, ಅಂದ್ರೆ ಹೊಸತನ ಲೆಕ್ಕ ಹಾಕೋ ದಿನಕ್ಕಿಂತ, ದಶಕಗಳಷ್ಟು ಹಿಂದೆ.

ಮಷಿನ್ ಟ್ರಾನ್ಸ್‌ಲೇಷನ್ ನಮಗೆ ಓದ್ಕೊಳ್ಳೋಕೆ ಸಾಕು, ಪೇಟೆಂಟ್ ಆಫೀಸಿಗೆ ಕೊಡೋಕಲ್ಲ. ಸರ್ಟಿಫೈಡ್ ಅನುವಾದ ಮಾಡ್ಸಿದ್ವಿ, ಕಾಕಾಗೆ ಆ ಖರ್ಚೇ ಜಾಸ್ತಿ ಬೇಜಾರು. ಕಾಕಾ ಕಡೆಯ ಪೇಟೆಂಟ್ ಏಜೆಂಟರು ನನ್ನ ಟೇಬಲ್, ಚಿತ್ರ, ಅನುವಾದ ಸೇರ್ಸಿ ಆಂಟಾಪ್ ಹಿಲ್‌ನಲ್ಲಿರೋ ಮುಂಬೈ ಪೇಟೆಂಟ್ ಆಫೀಸಿಗೆ ತಕರಾರು ಹಾಕಿದ್ರು. ಎರಡನೇ ಆಧಾರವಾಗಿ ಅಮೆರಿಕನ್ ಪೇಟೆಂಟನ್ನೂ ಇಟ್ವಿ.

ಉತ್ತರದಲ್ಲಿ ಆ ಕಂಪನಿಯವರು ಜರ್ಮನ್ ಅರ್ಜಿಯನ್ನ ಅಲ್ಲಗಳೆಯೋಕೆ ಹೋಗ್ಲೇ ಇಲ್ಲ, ಕ್ಲೇಮನ್ನೇ ಕಿರಿದು ಮಾಡಿದ್ರು, ಬ್ಲೇಡ್ ಸವೆದಿದ್ದನ್ನ ತೋರ್ಸೋ ಬಣ್ಣದ ಪದರ ಇರ್ಬೇಕು ಅಂತ ಸೇರ್ಸಿ. ಕಾಕಾ ಬ್ಲೇಡಲ್ಲಿ ಆ ಪದರ ಇಲ್ಲ, ಹಾಕೋ ಯೋಚನೆನೂ ಇಲ್ಲ. ಹಿಯರಿಂಗ್ ಇನ್ನೂ ಬಾಕಿ ಇದೆ, ಕ್ಲೇಮ್ ಮತ್ತೆ ಬದಲಾದ್ರೆ ಅಂತ ನಾನು ಆಗಾಗ ಫೈಲ್ ತೆಗೆದು ನೋಡ್ತಿರ್ತೀನಿ. ಭೋಸರಿಯಲ್ಲಿ ಕೆಲಸ ನಡೀತಿದೆ.