ಹೀಟರ್ ಹಾಕಿದರೆ ಮುಗ್ಗಲು ವಾಸನೆ: ನನ್ನ ಎಲೆಕ್ಟ್ರಿಕ್ ಕಾರಿನಲ್ಲಿ ನಾನು ಮಾಡಿದ್ದು

ಚಳಿ ಶುರುವಾದ ಮೇಲೆ ಮೊದಲ ಸಲ ಹೀಟರ್ ಹಾಕಿದ ದಿನ ಕಾರಿನೊಳಗೆ ಎರಡು ವಾಸನೆ ಬಂತು. ಮೊದಲನೆಯದು ಧೂಳು ಸುಟ್ಟಂತೆ. ಐದು ನಿಮಿಷದಲ್ಲಿ ಅದು ಹೋಯಿತು, ಮತ್ತೆ ಬರಲಿಲ್ಲ. ತಿಂಗಳುಗಟ್ಟಲೆ ಸುಮ್ಮನಿದ್ದ ಹೀಟರಿನ ಮೇಲೆ ಕೂತ ಧೂಳು ಕಾಯುವಾಗ ಹಾಗಾಗುವುದು ಸಹಜ. ಎರಡನೆಯದು ಮಾತ್ರ ಬಿಡಲಿಲ್ಲ. ಒದ್ದೆ ಬಟ್ಟೆಯನ್ನು ಎರಡು ದಿನ ಬಕೆಟ್‌ನಲ್ಲೇ ಬಿಟ್ಟರೆ ಬರುತ್ತದಲ್ಲ, ಥೇಟ್ ಅದೇ ಮುಗ್ಗಲು.

ನಾನು ಮೊದಲು ಮಾಡಿದ್ದು ತಪ್ಪು ಕೆಲಸ: ಪರ್ಫ್ಯೂಮ್ ತಂದಿಟ್ಟೆ. ಮುಗ್ಗಲಿನ ಜೊತೆಗೆ ಸುಗಂಧವೂ ಸೇರಿ ತಲೆನೋವು ಬಂತು. ಆಮೇಲೆ ಗ್ಲೋವ್ ಬಾಕ್ಸ್ ಬಿಚ್ಚಿ, ಕಾರಿನೊಳಗೆ ಬರುವ ಗಾಳಿಯನ್ನು ಸೋಸುವ ಕ್ಯಾಬಿನ್ ಫಿಲ್ಟರ್ ತೆಗೆದೆ. ಕಪ್ಪಾಗಿತ್ತು, ಮೂಲೆಯಲ್ಲಿ ಎಲೆಚೂರು, ಮುಟ್ಟಿದರೆ ತೇವ. ಇದ್ದಿಲು ಪದರವಿರುವ ಹೊಸದನ್ನು, ಗಾಳಿ ಹೋಗುವ ದಿಕ್ಕಿನ ಬಾಣ ನೋಡಿಕೊಂಡು ಹಾಕಿದೆ. ನಾಲ್ಕು ದಿನ ಚೆನ್ನಾಗಿತ್ತು. ಐದನೇ ದಿನ ವಾಸನೆ ವಾಪಸ್.

ಫಿಲ್ಟರ್ ಯಾಕೆ ತೇವವಾಗಿತ್ತು ಎಂದು ಆಗ ಯೋಚಿಸಿದೆ. ನಿಜವಾದ ಪ್ರಶ್ನೆ ಅದೇ ಆಗಿತ್ತು.

ಎಸಿಯ ಕೂಲಿಂಗ್ ಕಾಯಿಲ್ ತಣ್ಣಗಾದಾಗ ಗಾಳಿಯಲ್ಲಿನ ತೇವ ಅದರ ಮೇಲೆ ನೀರಾಗಿ ಕೂರುತ್ತದೆ. ಆ ನೀರು ಡ್ರೈನ್ ಪೈಪಿನಿಂದ ಕಾರಿನ ಕೆಳಗೆ ತೊಟ್ಟಿಕ್ಕಬೇಕು. ಇದು ಬೇಸಿಗೆಯ ಮಾತು ಮಾತ್ರವಲ್ಲ. ಗಾಜಿನ ಮೇಲಿನ ಮಂಜು ತೆಗೆಯಲು ಡಿಫಾಗ್ ಒತ್ತಿದರೆ ಚಳಿಯಲ್ಲೂ ಸಾಮಾನ್ಯವಾಗಿ ಎಸಿ ಓಡುತ್ತದೆ. ನೀರು ನಿಂತಲ್ಲಿ ಬೂಷ್ಟು. ಬಿಸಿಗಾಳಿ ಅದರ ವಾಸನೆಯನ್ನು ಎತ್ತಿ ನಮ್ಮ ಮೂಗಿಗೆ ತರುತ್ತದೆ. ಬೇಸಿಗೆಯುದ್ದಕ್ಕೂ ನನ್ನ ಕಾರಿನ ಕೆಳಗೆ ನೀರಿನ ಗುರುತು ಕಂಡ ನೆನಪೇ ಇರಲಿಲ್ಲ.

ಕಾರನ್ನು ಪೂರ್ತಿ ಆಫ್ ಮಾಡಿ ಡ್ರೈನ್ ಪೈಪಿನ ತುದಿ ಹುಡುಕಿದೆ. ನನ್ನ ಕಾರಿನಲ್ಲಿ ಅದು ಮುಂದಿನ ಚಕ್ರದ ಹಿಂಬದಿಗೆ, ಜಾಕ್ ಹಾಕದೆಯೇ ಕೈಗೆ ಎಟುಕುವ ಜಾಗದಲ್ಲಿದೆ. ಕಿತ್ತಳೆ ಬಣ್ಣದ ಕೇಬಲ್‌ಗಳು ಹೈ ವೋಲ್ಟೇಜಿನವು. ಅವುಗಳ ಹತ್ತಿರ ಕೈ ಹಾಕಲೇ ಇಲ್ಲ. ಮೆತ್ತನೆಯ ಸಣ್ಣ ಪ್ಲಾಸ್ಟಿಕ್ ನಳಿಗೆಯನ್ನು ಪೈಪಿನೊಳಗೆ ನಿಧಾನವಾಗಿ ಆಡಿಸಿದೆ. ತಂತಿ ಬೇಡ, ಒಳಗೆ ಕಾಯಿಲ್ ತೂತಾದೀತು. ಮಣ್ಣು, ಕೊಳೆತ ಎಲೆ, ಅದರ ಹಿಂದೆಯೇ ಅರ್ಧ ಬಾಟಲಿಯಷ್ಟು ಕಂದು ನೀರು ಸುರಿಯಿತು. ಗಬ್ಬು ನಾತ. ನನಗಂತೂ ಖುಷಿಯಾಯಿತು. ಗಾಜಿನ ಬುಡದಲ್ಲಿ, ಗಾಳಿ ಒಳಗೆ ಹೋಗುವ ಜಾಲರಿಯ ಮೇಲಿನ ಎಲೆಗಳನ್ನೂ ತೆಗೆದು ಹಾಕಿದೆ.

ಉಳಿದದ್ದು ಕಾಯಿಲ್. ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಪೆಟ್ರೋಲ್ ಕಾರಿನವರು ಸ್ಪ್ರೇ ಡಬ್ಬಿಯನ್ನು ಗಾಳಿಕಿಂಡಿಗೆ ಹಿಡಿದು ಒತ್ತುವುದನ್ನು ನೋಡಿ ನಾವೂ ಹಾಗೆ ಮಾಡಬಾರದು. ಎಂಜಿನ್ನಿನ ಬಿಸಿ ನಮ್ಮ ಕಾರಿನಲ್ಲಿಲ್ಲ. ಆ ಜಾಗದಲ್ಲಿ ಹಲವು ಮಾದರಿಗಳಲ್ಲಿ ಗಾಳಿಯನ್ನು ನೇರವಾಗಿ ಕಾಯಿಸುವ ಪಿಟಿಸಿ ಹೀಟರ್ ಇರುತ್ತದೆ. ಅದು ಕೂಲಿಂಗ್ ಕಾಯಿಲಿನ ಪಕ್ಕದಲ್ಲೇ, ಅದೇ ಪೆಟ್ಟಿಗೆಯೊಳಗೆ, ಬ್ಯಾಟರಿಯ ಹೈ ವೋಲ್ಟೇಜಿನಲ್ಲಿ ಓಡುತ್ತದೆ. ಬಹಳಷ್ಟು ಸ್ಪ್ರೇಗಳು ಬೆಂಕಿ ಹತ್ತುವಂಥವು. ಒದ್ದೆಯೂ ಅಪಾಯ, ಆವಿಯೂ ಅಪಾಯ. ಹಾಗಾಗಿ ಈ ಒಂದು ಕೆಲಸವನ್ನು ಹೈ ವೋಲ್ಟೇಜ್ ತರಬೇತಿ ಇರುವ ಟೆಕ್ನಿಷಿಯನ್‌ಗೆ ಬಿಟ್ಟೆ. ಅವರು ಹೈ ವೋಲ್ಟೇಜ್ ಕಡಿತ ಮಾಡಿ, ನೀರು ಆಧಾರಿತ, ಬೆಂಕಿ ಹತ್ತದ ನೊರೆಯನ್ನು ಕಾಯಿಲಿಗೆ ಮಾತ್ರ ತಾಕುವಂತೆ ಸ್ವಲ್ಪಸ್ವಲ್ಪವೇ ಬಿಟ್ಟರು. ನೊರೆ ಕರಗಿ ಡ್ರೈನಿನಿಂದ ಬೂದು ಬಣ್ಣದ ನೀರಾಗಿ ಇಳಿಯುವುದನ್ನು ಪಕ್ಕದಲ್ಲಿ ನಿಂತು ನೋಡಿದೆ. ಪೂರ್ತಿ ಒಣಗುವವರೆಗೆ ಬ್ಲೋವರ್ ಮಾತ್ರ, ಹೀಟರ್ ಇಲ್ಲ.

ಮತ್ತೆ ವಾಸನೆ ಬರದಂತೆ ನನ್ನ ಅಭ್ಯಾಸವನ್ನೂ ಬದಲಿಸಿಕೊಂಡೆ. ರೇಂಜ್, ಅಂದರೆ ಒಂದು ಚಾರ್ಜಿಗೆ ಓಡುವ ದೂರ, ಉಳಿಸಬೇಕೆಂದು ಯಾವಾಗಲೂ ಒಳಗಿನ ಗಾಳಿಯನ್ನೇ ಸುತ್ತಿಸುತ್ತಿದ್ದೆ. ಉಸಿರಿನ ತೇವವೆಲ್ಲ ಒಳಗೇ ಉಳಿಯುತ್ತಿತ್ತು. ಈಗ ಮನೆ ತಲುಪಲು ಐದು ಹತ್ತು ನಿಮಿಷ ಇರುವಾಗ ಎಸಿ ಆಫ್, ಹೊರಗಾಳಿ ಆನ್, ಫ್ಯಾನ್ ಜೋರು. ಕಾಯಿಲ್ ಒಣಗಿಯೇ ಕಾರು ನಿಲ್ಲುತ್ತದೆ. ಚಳಿಗಾಲದಲ್ಲಿ ಬೆಳಿಗ್ಗೆ ಚಾರ್ಜರ್ ಸಿಕ್ಕಿಸಿರುವಾಗಲೇ ಹೀಟರ್ ಓಡಿಸುತ್ತೇನೆ. ಹೀಟರ್ ಕಾಯಲು ಕೆಲವು ಕಿಲೋವ್ಯಾಟ್ ಬೇಕು. ಬಹುಪಾಲು ಗೋಡೆಯ ಕರೆಂಟಿನಿಂದಲೇ ಬಂದರೆ ಬ್ಯಾಟರಿಗೆ ಹೊರೆಯಿಲ್ಲ.

ಎಲ್ಲ ವಾಸನೆಯೂ ಬೂಷ್ಟಿನದಲ್ಲ. ಸಿಹಿ ವಾಸನೆಯ ಜೊತೆ ಗಾಜಿನ ಒಳಬದಿಗೆ ಎಣ್ಣೆಯಂಥ ಪೊರೆ ಕೂತರೆ ಕೂಲಂಟ್, ಅಂದರೆ ಕಾರಿನ ಪೈಪುಗಳಲ್ಲಿ ಬಿಸಿಯನ್ನು ಸಾಗಿಸುವ ದ್ರವ, ಸೋರುತ್ತಿರಬಹುದು. ಬಹಳಷ್ಟು ಕೂಲಂಟ್ ವಿಷ, ಮಕ್ಕಳು ಮತ್ತು ಸಾಕುಪ್ರಾಣಿಗಳನ್ನು ದೂರವಿಡಿ. ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದರೆ ಹೀಟರ್ ಆಫ್ ಮಾಡಿ, ಕಾರು ನಿಲ್ಲಿಸಿ ಸರ್ವಿಸ್‌ನವರಿಗೆ ಫೋನ್ ಮಾಡಿ. ಹೊಗೆ ಅಥವಾ ಬುಸುಗುಟ್ಟುವ ಸದ್ದೂ ಇದ್ದರೆ ಏನನ್ನೂ ಪರೀಕ್ಷಿಸಲು ಹೋಗದೆ ಇಳಿದು ದೂರ ನಡೆಯಿರಿ.

ನನ್ನ ಕಾರಿನಲ್ಲಿ ಆಮೇಲೆ ಇನ್ನೊಂದು ಚಳಿಗಾಲ ಕಳೆಯಿತು. ಮೊನ್ನೆ ಫಿಲ್ಟರ್ ತೆಗೆದು ನೋಡಿದೆ: ಧೂಳಿತ್ತು, ತೇವ ಇರಲಿಲ್ಲ.