ಹೆಸರಿಲ್ಲದ ಆಮ್ಲ ಯಾವುದು? ಟೈಟ್ರೇಷನ್‌ನಲ್ಲಿ ಪತ್ತೆ ಹಚ್ಚುವ ಬಗೆ

ಚೀಟಿಯಿಲ್ಲದ ಬಿಳಿ ಪುಡಿ ಕೊಟ್ಟು 'ಇದು ಯಾವ ಆಮ್ಲ?' ಎಂದು ಕೇಳುವ ಪ್ರಯೋಗದಲ್ಲಿ ಲೆಕ್ಕ ತಪ್ಪುವವರು ಕಡಿಮೆ. ಹೆಚ್ಚಿನವರು ಎಡವುವುದು ಬ್ಯುರೆಟ್ಟಿನ (ಅಳತೆಯ ಗೆರೆಗಳೂ ಕೆಳಗೆ ತಿರುಗಣೆಯೂ ಇರುವ ಉದ್ದ ಕೊಳವೆ) ಕೊನೆಯ ಒಂದು ಮಿಲಿಲೀಟರಿನಲ್ಲಿ.

ಟೈಟ್ರೇಷನ್ ಎಂದರೆ ಆಮ್ಲದ ದ್ರಾವಣಕ್ಕೆ ಬ್ಯುರೆಟ್ಟಿನಿಂದ ಕ್ಷಾರವನ್ನು, ಇಲ್ಲಿ ಸೋಡಿಯಂ ಹೈಡ್ರಾಕ್ಸೈಡನ್ನು, ಬಣ್ಣ ಬದಲಾಗುವತನಕ ಬಿಟ್ಟು ಎಷ್ಟು ಬೇಕಾಯಿತೆಂದು ಅಳೆಯುವುದು. ಮೊದಲು ಸೋಡಿಯಂ ಹೈಡ್ರಾಕ್ಸೈಡಿನ ನಿಜವಾದ ಸಾಂದ್ರತೆ ತಿಳಿಯಬೇಕು. ಅದು ಗಾಳಿಯ ತೇವವನ್ನೂ ಕಾರ್ಬನ್ ಡೈಆಕ್ಸೈಡನ್ನೂ ಹೀರುವುದರಿಂದ, ಬಾಟಲಿಯ ಮೇಲೆ '0.1 ಮೋಲಾರ್' (ಲೀಟರಿಗೆ 0.1 ಮೋಲ್) ಎಂದು ಬರೆದದ್ದನ್ನು ನಂಬಬೇಡಿ. ಒಣಗಿಸಿದ ಪೊಟ್ಯಾಸಿಯಂ ಹೈಡ್ರೋಜನ್ ಥ್ಯಾಲೇಟ್ (ತೂಕವನ್ನು ನಂಬಬಹುದಾದ ಆಮ್ಲೀಯ ಲವಣ) 0.51 ಗ್ರಾಂ ತೂಗಿ ಟೈಟ್ರೇಟ್ ಮಾಡಿ. ದ್ರಾವಣ ಸರಿಯಿದ್ದರೆ 25 ಮಿ.ಲೀ. ಆಸುಪಾಸು ಬೇಕಾಗುತ್ತದೆ.

ಪುಡಿಯನ್ನು 0.160 ಗ್ರಾಂ ತೂಗಿ, ಬಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿ, ಕ್ಷಾರದಲ್ಲಿ ಗುಲಾಬಿಯಾಗುವ ಸೂಚಕವಾದ ಫಿನಾಲ್ಫ್ಥಲೀನ್ ಎರಡು ಹನಿ ಹಾಕಿ. ಬ್ಯುರೆಟ್ಟನ್ನು ಕೊನೆಯಲ್ಲಿ ತೊಳೆಯಬೇಕಾದದ್ದು ಅದರಲ್ಲಿ ತುಂಬುವ ದ್ರಾವಣದಿಂದಲೇ. ತುದಿಯ ಗುಳ್ಳೆ ಹೊರಹಾಕಿ, ಫನಲ್ ತೆಗೆದಿಡಿ. ಗಾಜಿನ ತಿರುಗಣೆ ಕ್ಷಾರಕ್ಕೆ ಕಚ್ಚಿಕೊಳ್ಳುತ್ತದೆ. ಟೆಫ್ಲಾನ್ ತಿರುಗಣೆಯ ಬ್ಯುರೆಟ್ಟನ್ನೇ ಹಿಡಿಯಿರಿ. ರಕ್ಷಣಾ ಕನ್ನಡಕ ಹಾಕದೆ ಶುರು ಮಾಡಬೇಡಿ.

ಈಗ ನಿಧಾನಿಸಿ. ಮೊದಲ ಸಲ ಅಂದಾಜಿಗೆ ಒಮ್ಮೆ ಓಡಿಸಿ, ಆ ಅಳತೆಯನ್ನು ಸರಾಸರಿಗೆ ಸೇರಿಸಬೇಡಿ. ಮುಂದಿನ ಸಲ ಎರಡು ಮಿ.ಲೀ. ಬಾಕಿಯಿರುವಾಗಲೇ ಹನಿಗೆ ಇಳಿಯಿರಿ. ಹನಿ ಬಿದ್ದಲ್ಲಿ ಗುಲಾಬಿ ಮೂಡಿ, ಫ್ಲಾಸ್ಕ್ ಸುತ್ತಿಸಿದಾಗ ಮಾಯವಾಗುತ್ತದೆ. ಮಾಯವಾಗಲು ತಡವಾಗತೊಡಗಿದರೆ ಅರ್ಧ ಹನಿಗೆ ಬನ್ನಿ: ತುದಿಯಲ್ಲಿ ಹನಿ ಜೋತಾಡುವಷ್ಟೇ ತಿರುವಿ, ಫ್ಲಾಸ್ಕಿನ ಒಳಗೋಡೆಗೆ ತಾಗಿಸಿ, ಸ್ವಲ್ಪ ನೀರಿನಿಂದ ಕೆಳಕ್ಕೆ ತೊಳೆಯಿರಿ. ಅಡಿಗೆ ಬಿಳಿ ಕಾಗದವಿರಲಿ. ಕಂಡೂ ಕಾಣದಂಥ ಗುಲಾಬಿ 30 ಸೆಕೆಂಡು ನಿಂತರೆ ಅಲ್ಲಿಗೆ ನಿಲ್ಲಿಸಿ. ಆಮೇಲೆ ಬಣ್ಣ ಮಾಸುವುದು ಗಾಳಿಯ ಕಾರ್ಬನ್ ಡೈಆಕ್ಸೈಡಿನಿಂದ, ಇನ್ನೊಂದು ಹನಿ ಹಾಕುವ ಆಸೆ ಬೇಡ. ಕಡು ಗುಲಾಬಿಯಾದರೆ ಚೆಲ್ಲಿ ಮತ್ತೆ ಮಾಡಿ.

ಇಷ್ಟು ಹಟ ಏಕೆಂದರೆ, ದ್ರಾವಣ ಸರಿಯಾಗಿ 0.1 ಮೋಲಾರ್ ಇದ್ದು 25.4 ಮಿ.ಲೀ. ಹಿಡಿದರೆ ಅದು 2.54 ಮಿಲಿಮೋಲ್, ಅದರಿಂದ 0.160 ಗ್ರಾಮನ್ನು ಭಾಗಿಸಿದರೆ ಸಮಾನತೂಕ (ಬಿಟ್ಟುಕೊಡುವ ಒಂದೊಂದು ಹೈಡ್ರೋಜನ್ನಿನ ಪಾಲಿಗೆ ಬರುವ ಅಣುತೂಕ) 63.0. ಎರಡು ಹೈಡ್ರೋಜನ್ ಬಿಟ್ಟುಕೊಡುವ, ನೀರಿನ ಎರಡು ಅಣುಗಳಿರುವ ಆಕ್ಸಾಲಿಕ್ ಆಮ್ಲ (ಅಣುತೂಕ 126.07) ಇದಕ್ಕೆ ಹೊಂದುತ್ತದೆ. ಆದರೆ ಮೂರು ಬಿಟ್ಟುಕೊಡುವ ನಿರ್ಜಲ (ನೀರಿನ ಅಣುವಿಲ್ಲದ) ಸಿಟ್ರಿಕ್ ಆಮ್ಲದ (ಅಣುತೂಕ 192.12) ಸಮಾನತೂಕ 64.04, ಅದಕ್ಕೆ ಬೇಕಾದದ್ದು 24.98 ಮಿ.ಲೀ. ಅಂತರ 0.4 ಮಿ.ಲೀ., ಎಂಟೇ ಹನಿ. ಅಷ್ಟು ಮುಂದೆ ಹೋದರೆ ಸಿಟ್ರಿಕ್ಕನ್ನು ಆಕ್ಸಾಲಿಕ್ ಎಂದು ಬರೆದುಕೊಡುತ್ತೀರಿ.

0.1 ಮಿ.ಲೀ.ನೊಳಗೆ ಹೊಂದುವ ಮೂರು ಅಳತೆ ಬರುವತನಕ ಬಿಡಬೇಡಿ. ಆಮೇಲೂ ಅನುಮಾನವಿದ್ದರೆ ಕ್ಯಾಪಿಲರಿಯಲ್ಲಿ ಕರಗುಬಿಂದು ನೋಡಿ: ಈ ಆಕ್ಸಾಲಿಕ್ ಸುಮಾರು 101 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ, ನಿರ್ಜಲ ಸಿಟ್ರಿಕ್ 153ರವರೆಗೆ ಕಾಯಿಸುತ್ತದೆ.